ಕೇಳುವ ಮೊದಲು ಉತ್ತರಕ್ಕೆ ಸಿದ್ಧರಾಗಿ: ಆತ್ಮಹತ್ಯೆ ತಡೆಯ ತಂತ್ರಜ್ಞಾನ ಸಂಶೋಧನೆಗೆ ಇಳಿಯುವವರಿಗೆ ಮಾರ್ಗದರ್ಶಿ

ಪ್ರತಿ ವರ್ಷ ಪ್ರಬಂಧದ ವಿಷಯ ಆರಿಸುವ ಸಮಯ ಬಂದಾಗ ಇಬ್ಬರೋ ಮೂವರೋ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಒಂದೇ ಪ್ರಸ್ತಾವವನ್ನು ಹಿಡಿದು ನನ್ನ ಕೊಠಡಿಗೆ ಬರುತ್ತಾರೆ. ಸಾಮಾಜಿಕ ಜಾಲತಾಣಗಳಿಂದ ಕನ್ನಡದ ಬರಹಗಳನ್ನು ಸಂಗ್ರಹಿಸುವುದು, ಸಾವಿನ ಯೋಚನೆ ಇಣುಕುವ ಬರಹಗಳಿಗೆ ಗುರುತು ಹಾಕುವುದು, ಅವುಗಳ ಮೇಲೆ ಕಂಪ್ಯೂಟರಿಗೆ ತರಬೇತಿ ಕೊಟ್ಟು ಶೇಕಡಾ ಇಷ್ಟು ನಿಖರತೆ ಬಂತೆಂದು ತೋರಿಸುವುದು. ನಾನು ಕೇಳುವ ಪ್ರಶ್ನೆಯೂ ಪ್ರತಿ ವರ್ಷ ಒಂದೇ: ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ನಿಮ್ಮ ಯಂತ್ರ ಒಬ್ಬರನ್ನು ಗುರುತಿಸಿತು ಎನ್ನೋಣ, ಆಮೇಲೆ? ಈ ಪ್ರಶ್ನೆಗೆ ಉತ್ತರವಿಲ್ಲದ ಪ್ರಸ್ತಾವವನ್ನು ನಾನು ಮುಂದಕ್ಕೆ ಕಳಿಸುವುದಿಲ್ಲ. ಮಾನವ–ಕಂಪ್ಯೂಟರ್ ಒಡನಾಟ, ಅಂದರೆ ಎಲ್ಲರೂ ಎಚ್‌ಸಿಐ ಎಂದು ಕರೆಯುವ ಶಾಸ್ತ್ರದಲ್ಲಿ ಕೆಲಸ ಮಾಡುತ್ತ ಆತ್ಮಹತ್ಯೆ ತಡೆಯ ಕಡೆಗೆ ಹೊರಳಬೇಕೆಂದಿರುವ ಸಂಶೋಧನಾರ್ಥಿಗಳಿಗಾಗಿ ಈ ಲೇಖನವನ್ನು ಬರೆದಿದ್ದೇನೆ.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಈ ವಿಷಯ ಬರೀ ಸಂಶೋಧನೆಯದಲ್ಲದೆ ತಮ್ಮದೇ ಸಂಕಟದ್ದಾಗಿದ್ದರೆ ಲೇಖನವನ್ನು ಇಲ್ಲಿಗೇ ಬಿಟ್ಟು 14416ಕ್ಕೆ ಕರೆ ಮಾಡಬಹುದು. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಮೊದಲ ಹೆಜ್ಜೆ: ಸ್ಪಂದನೆಯ ವ್ಯವಸ್ಥೆಯನ್ನು ಬರೆದಿಡಿ

ಸಾಮಾನ್ಯವಾಗಿ ಸಂಶೋಧನಾ ಪ್ರಸ್ತಾವದಲ್ಲಿ ಅಪಾಯ ನಿರ್ವಹಣೆ ಎಂಬ ಭಾಗ ಕೊನೆಯ ಪುಟದಲ್ಲಿರುತ್ತದೆ, ಮತ್ತು ಅದನ್ನು ಕೊನೆಯ ದಿನವೇ ಬರೆದಿರುತ್ತಾರೆ. ಈ ವಿಷಯದಲ್ಲಿ ಅದನ್ನು ಮೊದಲ ದಿನ ಬರೆಯಬೇಕು; ಏಕೆಂದರೆ ಉಳಿದ ವಿನ್ಯಾಸವೆಲ್ಲ ಅದರ ಮೇಲೆ ನಿಲ್ಲುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಹಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿದ್ದ ತಂಡವೊಂದು ವಿದ್ಯಾರ್ಥಿಗಳ ಮನಸ್ಸಿನ ಸ್ಥಿತಿಯ ಕುರಿತ ಪ್ರಶ್ನಾವಳಿಯನ್ನು ಫೋನಿನಲ್ಲಿ ತುಂಬಿಸುವ ಪ್ರಾಯೋಗಿಕ ಅಧ್ಯಯನ ನಡೆಸಿತು. ಒಬ್ಬರು ಶನಿವಾರ ರಾತ್ರಿ, ಸಾವಿನ ಯೋಚನೆ ಎಷ್ಟು ಸಲ ಬಂದಿದೆ ಎಂಬ ಕೊನೆಯ ಪ್ರಶ್ನೆಗೆ "ಹೆಚ್ಚುಕಡಿಮೆ ಪ್ರತಿದಿನ" ಎಂದು ಒತ್ತಿದ್ದರು. ಪರದೆ ಅವರಿಗೆ "ಧನ್ಯವಾದಗಳು, ನಿಮ್ಮ ಉತ್ತರ ದಾಖಲಾಗಿದೆ" ಎಂದಿತು. ನಾವು ಅದನ್ನು ನೋಡಿದ್ದು ಸೋಮವಾರ ಬೆಳಗ್ಗೆ, ಚಹಾ ಕುಡಿಯುತ್ತ, ಹಾಳೆಯ ಸಾಲುಗಳನ್ನು ಎಣಿಸುವಾಗ. ಆ ವಿದ್ಯಾರ್ಥಿ ಸುರಕ್ಷಿತವಾಗಿದ್ದರು, ನಂತರ ನಮ್ಮೊಂದಿಗೆ ಮಾತನಾಡಿದರು. ಆದರೆ ಆ ಮೂವತ್ತಕ್ಕೂ ಹೆಚ್ಚು ಗಂಟೆಗಳ ಕಾಲ ಒಬ್ಬರು ನಮಗೆ ಹೇಳಿದ್ದರು, ನಾವು ಕೇಳಿಸಿಕೊಂಡಿರಲಿಲ್ಲ. ಅವರ ಮೇಲೆ ಉತ್ತರ ತಿಳಿಯುವ ಹಕ್ಕು ಚಲಾಯಿಸಿದವರು ನಾವು. ಉತ್ತರಕ್ಕೆ ಸ್ಪಂದಿಸುವ ಹೊಣೆಯನ್ನು ಮಾತ್ರ ಯಾರಿಗೂ ವಹಿಸಿರಲಿಲ್ಲ.

ಆದ್ದರಿಂದ ವ್ಯವಸ್ಥೆಯ ಬರಹದಲ್ಲಿ ಹುದ್ದೆಗಳಲ್ಲ, ಹೆಸರುಗಳಿರಬೇಕು. ವಾರದ ಏಳೂ ದಿನ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಯಾರು ಉತ್ತರಗಳನ್ನು ನೋಡುತ್ತಾರೆ, ಅವರು ಕಾಯಿಲೆ ಬಿದ್ದರೆ ಯಾರು, ಯಾವ ಉತ್ತರ ಬಂದರೆ ಎಷ್ಟು ನಿಮಿಷದಲ್ಲಿ ಕರೆ ಹೋಗಬೇಕು, ಕರೆ ಸ್ವೀಕರಿಸದಿದ್ದರೆ ಎರಡನೆಯ ಕರೆ ಯಾರಿಗೆ ಎಂಬುದು ಒಂದೇ ಪುಟದಲ್ಲಿ ಕಾಣಬೇಕು. ಪಾಲ್ಗೊಳ್ಳುವವರು ತಾವೇ ಆರಿಸಿಕೊಟ್ಟ ಒಬ್ಬ ಆಪ್ತರ ಸಂಖ್ಯೆಯನ್ನು ಮೊದಲೇ ಪಡೆದಿರಬೇಕು. ಆ ಆಪ್ತರು ತಂದೆ ತಾಯಿಯೇ ಆಗಿರಬೇಕೆಂದು ನೀವು ನಿರ್ಧರಿಸಬಾರದು. ಒಬ್ಬ ಮನೋವೈದ್ಯರು ಅಥವಾ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ತಂಡದ ಸದಸ್ಯರಾಗಿರಬೇಕೇ ಹೊರತು ಸಲಹೆಗಾರರ ಪಟ್ಟಿಯಲ್ಲಿ ಹೆಸರಿಗೆ ಮಾತ್ರ ಇದ್ದರೆ ಸಾಲದು. ಹೊತ್ತು ಹೊತ್ತಿಗೆ ಉತ್ತರ ನೋಡುವಷ್ಟು ಜನ ನಿಮ್ಮಲ್ಲಿಲ್ಲ ಎಂದಾದರೆ ಎರಡು ದಾರಿಗಳಿವೆ: ಆ ಪ್ರಶ್ನೆಯನ್ನೇ ಕೇಳದ ಅಧ್ಯಯನವನ್ನು ರೂಪಿಸುವುದು, ಇಲ್ಲವೇ ಜನ ಇರುವ ಹೊತ್ತಿನಲ್ಲಿ, ಎದುರೆದುರು ಕುಳಿತು ಮಾತ್ರ ಕೇಳುವುದು. ಎರಡೂ ಗೌರವದ ದಾರಿಗಳೇ.

ಇಲ್ಲಿ ಒಂದು ಹಳೆಯ ಭಯವನ್ನು ಬಗೆಹರಿಸಬೇಕು. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂದು ನೈತಿಕ ಸಮಿತಿಗಳಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. 2005ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಈ ಪ್ರಶ್ನೆಗಳನ್ನು ಕೇಳಿಸಿಕೊಂಡ ಮಕ್ಕಳಲ್ಲಿ ಕೇಳಿಸಿಕೊಳ್ಳದವರಿಗಿಂತ ಹೆಚ್ಚಿನ ಸಂಕಟವೋ ಸಾವಿನ ಯೋಚನೆಯೋ ಕಾಣಲಿಲ್ಲ. ಆಮೇಲಿನ ವಿಮರ್ಶಾ ಅಧ್ಯಯನಗಳೂ ಇದನ್ನೇ ಹೇಳಿವೆ. ಕೇಳುವುದರಲ್ಲಿ ಅಪಾಯವಿಲ್ಲ, ಕೇಳಿ ಸುಮ್ಮನಾಗುವುದರಲ್ಲಿದೆ.

ಎರಡನೆಯ ಹೆಜ್ಜೆ: ಹಿಂದೆ ಎಡವಿದವರ ಕಥೆಯನ್ನು ಓದಿ, ಒಂದು ಲೆಕ್ಕವನ್ನು ಮಾಡಿ

ಲೆಕ್ಕ ಮೊದಲು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಆತ್ಮಹತ್ಯೆಗಳು ದಾಖಲಾದವು, ಅಂದರೆ ಲಕ್ಷ ಜನರಿಗೆ 12.4. ಕರ್ನಾಟಕದ ಸಂಖ್ಯೆ 13,606. ಈಗ ನಿಮ್ಮ ಯಂತ್ರ ಬಹಳ ಜಾಣ ಯಂತ್ರ, ಅಪಾಯದಲ್ಲಿರುವ ನೂರರಲ್ಲಿ ತೊಂಬತ್ತು ಜನರನ್ನು ಹಿಡಿಯುತ್ತದೆ, ಅಪಾಯವಿಲ್ಲದ ನೂರರಲ್ಲಿ ತೊಂಬತ್ತು ಜನರನ್ನು ಸರಿಯಾಗಿ ಬಿಡುತ್ತದೆ ಎಂದು ಭಾವಿಸೋಣ. ಒಂದು ಲಕ್ಷ ಜನರ ಮೇಲೆ ಅದನ್ನು ಓಡಿಸಿದರೆ ಆ ವರ್ಷ ಸಾಯಲಿರುವ ಹನ್ನೆರಡು ಜನರಲ್ಲಿ ಹನ್ನೊಂದು ಜನ ಸಿಗುತ್ತಾರೆ. ಅವರ ಜೊತೆಗೆ ಸುಮಾರು ಹತ್ತು ಸಾವಿರ ಜನರ ಮೇಲೆ ತಪ್ಪು ಗುರುತು ಬೀಳುತ್ತದೆ. ಒಂದು ನಿಜಕ್ಕೆ ಒಂಬೈನೂರು ಸುಳ್ಳು. ಆ ಒಂಬೈನೂರು ಮನೆಗಳ ಬಾಗಿಲು ತಟ್ಟುವವರು ಯಾರು, ತಟ್ಟಿಸಿಕೊಂಡವರಿಗೆ ಏನಾಗುತ್ತದೆ? ನಿಜವಾದ ಸಂಶೋಧನೆಯ ಫಲಿತಾಂಶ ಈ ಕಲ್ಪಿತ ಯಂತ್ರಕ್ಕಿಂತಲೂ ಬಡವಾಗಿದೆ: ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ತಿಳಿದಿರುವ ಅಪಾಯದ ಅಂಶಗಳಿಂದ ಆತ್ಮಹತ್ಯೆಯನ್ನು ಊಹಿಸುವುದು ನಾಣ್ಯ ಚಿಮ್ಮುವುದಕ್ಕಿಂತ ಸ್ವಲ್ಪವೇ ಮೇಲು ಎಂದು ಕಂಡುಕೊಂಡಿತು.

ಇನ್ನು ಎಡವಿದವರು. ಸಂಕಟದಲ್ಲಿರುವವರಿಗೆ ಸಹಾಯವಾಣಿ ನಡೆಸುವ ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆ 2014ರ ಅಕ್ಟೋಬರ್ 29ರಂದು ರೇಡಾರ್ ಎಂಬ ಸೌಲಭ್ಯವನ್ನು ಬಿಡುಗಡೆ ಮಾಡಿತು. ನೀವು ನೋಂದಾಯಿಸಿಕೊಂಡರೆ ಟ್ವಿಟರಿನಲ್ಲಿ ನೀವು ಹಿಂಬಾಲಿಸುವವರ ಬರಹಗಳನ್ನೆಲ್ಲ ಅದು ಜಾಲಾಡಿ, ಯಾರಾದರೂ ಸಂಕಟದ ಮಾತು ಬರೆದರೆ ನಿಮಗೆ ಮಿಂಚಂಚೆ ಕಳಿಸುತ್ತಿತ್ತು. ಬರೆದವರಿಗೆ ಅದರ ಸುಳಿವೂ ಇರುತ್ತಿರಲಿಲ್ಲ. ಗೆಳೆಯರಿಗೆ ಹೋಗುವ ಸೂಚನೆ ಪೀಡಿಸುವವರಿಗೂ ಹೋಗುತ್ತದೆ, ಅದೂ ಮನುಷ್ಯ ಅತ್ಯಂತ ಸೋತ ಗಳಿಗೆಯಲ್ಲಿ, ಎಂದು ಮಾನಸಿಕ ಕಾಯಿಲೆಯ ಅನುಭವವಿದ್ದವರೇ ಎದ್ದುನಿಂತು ಪ್ರತಿಭಟಿಸಿದರು. ನವೆಂಬರ್ 7ರಂದು, ಹತ್ತು ದಿನ ತುಂಬುವುದರೊಳಗೆ, ಸಂಸ್ಥೆ ಅದನ್ನು ನಿಲ್ಲಿಸಬೇಕಾಯಿತು. ದಶಕಗಳ ಕಾಲ ಜನರ ವಿಶ್ವಾಸ ಗಳಿಸಿದ್ದ ಸಂಸ್ಥೆಗೂ ಹೀಗಾಯಿತು ಎಂಬುದನ್ನು ಗಮನಿಸಬೇಕು.

2022ರ ಜನವರಿಯಲ್ಲಿ ಫೋನ್ ಸಂದೇಶಗಳ ಮೂಲಕ ನೆರವಾಗುವ ಅಮೆರಿಕದ ಕ್ರೈಸಿಸ್ ಟೆಕ್ಸ್ಟ್ ಲೈನ್ ಸಂಸ್ಥೆ, ಸಂಕಟದಲ್ಲಿದ್ದವರ ಸಂಭಾಷಣೆಗಳಿಂದ ಹೆಸರು ತೆಗೆದ ದತ್ತಾಂಶವನ್ನು ಗ್ರಾಹಕ ಸೇವೆಯ ತಂತ್ರಾಂಶ ಮಾಡುವ ತನ್ನ ನಂಟಿನ ಕಂಪನಿಯೊಂದಿಗೆ ಹಂಚಿಕೊಂಡಿದ್ದು ಬಯಲಾಯಿತು. ಸಂಸ್ಥೆಯ ಸಮರ್ಥನೆ ಜನ ಒಪ್ಪಿದ್ದರು ಎಂಬುದಾಗಿತ್ತು. ಸಾಯಬೇಕೆನ್ನಿಸಿ ಸಂದೇಶ ಕಳಿಸುವ ಹೊತ್ತಿನಲ್ಲಿ ನಿಯಮಾವಳಿಯ ಕೊಂಡಿಗೆ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ ಎಂಬ ಪ್ರಶ್ನೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಆ ಹಂಚಿಕೆ ನಿಂತಿತು. ಅದರ ಮರುವರ್ಷ, 2023ರ ಜನವರಿಯಲ್ಲಿ, ಮಾನಸಿಕ ಬೆಂಬಲ ನೀಡುವ ಕೋಕೋ ಎಂಬ ಸೇವೆಯ ಸ್ಥಾಪಕರಲ್ಲೊಬ್ಬರು ಸುಮಾರು 4,000 ಜನರಿಗೆ ಜಿಪಿಟಿ–3 ಎಂಬ ಬರೆಯುವ ಯಂತ್ರದ ನೆರವಿನಿಂದ ರಚಿಸಿದ ಸಾಂತ್ವನದ ಸಂದೇಶಗಳನ್ನು ಕಳಿಸಿದ್ದನ್ನು ತಾವೇ ಬಹಿರಂಗವಾಗಿ ಹೇಳಿಕೊಂಡರು. ಸಂದೇಶಗಳಿಗೆ ಒಳ್ಳೆಯ ಅಂಕ ಬಂದಿತ್ತು; ಹಿಂದೆ ಇರುವುದು ಯಂತ್ರವೆಂದು ತಿಳಿದ ಮೇಲೆ ಅವು ಟೊಳ್ಳೆನ್ನಿಸಿದವು ಎಂದೂ ಅವರೇ ಬರೆದರು. ಈ ಮೂರೂ ಕಥೆಗಳಲ್ಲಿ ತಂತ್ರಾಂಶ ಕೆಟ್ಟುಹೋಗಿರಲಿಲ್ಲ, ಅದು ಹೇಳಿದ ಕೆಲಸವನ್ನೇ ಮಾಡಿತ್ತು.

ಮೂರನೆಯ ಹೆಜ್ಜೆ: ಪ್ರಶ್ನೆಯನ್ನು ಚಿಕ್ಕದು ಮಾಡಿ

ಯಾರು ಸಾಯುತ್ತಾರೆ ಎಂದು ಊಹಿಸುವ ಪ್ರಶ್ನೆಯನ್ನು ಬಿಟ್ಟರೆ ಎಚ್‌ಸಿಐ ಸಂಶೋಧಕರಿಗೆ ಮಾಡಲು ಏನೂ ಉಳಿಯುವುದಿಲ್ಲ ಎಂದುಕೊಳ್ಳಬೇಡಿ. ನಿಜವಾದ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯನ್ನು ನೋಡಿ. ಒಂದು ಹಾಳೆ, ಆರು ಭಾಗ: ಸಂಕಟ ಏರುತ್ತಿದೆ ಎಂದು ನನಗೆ ತಿಳಿಯುವ ಸೂಚನೆಗಳು, ಯಾರ ನೆರವೂ ಇಲ್ಲದೆ ನಾನೇ ಮಾಡಬಲ್ಲ ಕೆಲಸಗಳು, ಮನಸ್ಸನ್ನು ಬೇರೆಡೆ ಸೆಳೆಯುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಆಪ್ತರು, ವೈದ್ಯರು ಮತ್ತು ಸಹಾಯವಾಣಿ, ಸುತ್ತಲಿನ ಜಾಗವನ್ನು ಸುರಕ್ಷಿತಗೊಳಿಸುವುದು. ಅಮೆರಿಕದ ಒಂಬತ್ತು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ 1,640 ರೋಗಿಗಳನ್ನು ಗಮನಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಹಾಳೆಯನ್ನು ಬರೆಸಿ ಮನೆಗೆ ಕಳಿಸಿ ಆಮೇಲೆ ಫೋನಿನಲ್ಲಿ ವಿಚಾರಿಸಿದವರಲ್ಲಿ ಮುಂದಿನ ಆರು ತಿಂಗಳ ಆತ್ಮಹತ್ಯಾ ವರ್ತನೆ ಎಂದಿನ ಚಿಕಿತ್ಸೆ ಪಡೆದವರಿಗಿಂತ ಶೇ 45ರಷ್ಟು ಕಡಿಮೆಯಿತ್ತು. ಈ ಹಾಳೆಯನ್ನು ಫೋನಿಗೆ ತಂದ ಆ್ಯಪ್‌ಗಳು ಡೆನ್ಮಾರ್ಕ್, ಆಸ್ಟ್ರೇಲಿಯಾಗಳಲ್ಲಿ ಬಹುದಿನಗಳಿಂದ ಬಳಕೆಯಲ್ಲಿವೆ. ಹಾವೇರಿಯ ರೈತನ ಮನೆಯಲ್ಲಿ, ಇಬ್ಬರು ಮೂವರು ಹಂಚಿಕೊಳ್ಳುವ ಫೋನಿನಲ್ಲಿ ಅದರ ಆರೂ ಭಾಗಗಳು ಹೇಗಿರಬೇಕೆಂಬ ಪ್ರಶ್ನೆಯೊಂದೇ ಪಿಎಚ್‌ಡಿಗೆ ಸಾಕಾಗುವಷ್ಟಿದೆ. ಕೊನೆಯ ಭಾಗವನ್ನೇ ತೆಗೆದುಕೊಳ್ಳಿ. ಕೀಟನಾಶಕವನ್ನು ಮನೆಯೊಳಗಿಡದೆ ಊರಿನ ಸಾಮೂಹಿಕ ಕೋಣೆಯಲ್ಲಿ ಬೀಗ ಹಾಕಿಡುವ ಪ್ರಯೋಗವನ್ನು ಆತ್ಮಹತ್ಯೆ ತಡೆಗಾಗಿ ದುಡಿಯುವ ಚೆನ್ನೈನ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಅವರ ಸಂಗಡಿಗರು ತಮಿಳುನಾಡಿನ ಹಳ್ಳಿಗಳಲ್ಲಿ ಮಾಡಿದ್ದಾರೆ. ಅಲ್ಲಿ ಕೆಲಸ ಮಾಡುವ ಸಾಧನ ಬೀಗ ಮತ್ತು ಬೀಗದ ಕೈ. ಆ್ಯಪ್ ಮಾಡಬೇಕಾದದ್ದು ಆ ಬೀಗದ ಕೈ ಈ ವಾರ ಯಾರ ಬಳಿ ಇದೆ ಎಂದು ನೆನಪಿಡುವಷ್ಟೇ ಇರಬಹುದು.

ಇನ್ನೊಂದು ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೊಟ್ಟೊ, ಆಸ್ಪತ್ರೆಯಿಂದ ಹೊರಬಂದ ಮೇಲೆ ಚಿಕಿತ್ಸೆ ಮುಂದುವರಿಸಲು ಒಪ್ಪದ 843 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಐದು ವರ್ಷ ಆಗಾಗ ಪುಟ್ಟ ಕಾಗದ ಬರೆಸಿದರು. ನೀವು ಚೆನ್ನಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕೆನ್ನಿಸಿದರೆ ಬರೆಯಿರಿ ಎಂಬಷ್ಟೇ ಅದರ ಒಕ್ಕಣೆ. ಮೊದಲ ಎರಡು ವರ್ಷ ಕಾಗದ ಪಡೆದವರಲ್ಲಿ ಆತ್ಮಹತ್ಯೆ ಗಮನಾರ್ಹವಾಗಿ ಕಡಿಮೆಯಿತ್ತೆಂದು 2001ರ ವರದಿ ಹೇಳಿತು. ಆ ಕಾಗದ ಏನನ್ನೂ ಬೇಡುತ್ತಿರಲಿಲ್ಲ. ಇವತ್ತಿನ ಮಾನಸಿಕ ಆರೋಗ್ಯದ ಆ್ಯಪ್ ಕಳಿಸುವ "ನೀವು ಮೂರು ದಿನದಿಂದ ನಿಮ್ಮ ಮನಸ್ಥಿತಿ ದಾಖಲಿಸಿಲ್ಲ" ಎಂಬ ಸೂಚನೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಸಂದೇಶ ವಿನ್ಯಾಸದ ಅರ್ಧ ಪಾಠ ಮುಗಿದಂತೆ.

ಮೂರನೆಯ ದಾರಿ, ಯಂತ್ರದ ಹಿಂದಿರುವ ಮನುಷ್ಯರನ್ನು ಅಧ್ಯಯನ ಮಾಡುವುದು. ಸಚಿನ್ ಪೆಂಡ್ಸೆ, ಮುನ್ಮುನ್ ಡಿ ಚೌಧರಿ, ನೇಹಾ ಕುಮಾರ್ ಮೊದಲಾದವರು ಇದೇ ಶಾಸ್ತ್ರದ ಪ್ರಮುಖ ವೇದಿಕೆಯಾದ 2020ರ ಸಿಎಚ್‌ಐ ಸಮ್ಮೇಳನಕ್ಕಾಗಿ ಭಾರತದ ಸಹಾಯವಾಣಿಗಳ ಸ್ವಯಂಸೇವಕರನ್ನೂ ಕರೆ ಮಾಡುವವರನ್ನೂ ಕುರಿತು ಮಾಡಿದ ಅಧ್ಯಯನವನ್ನು ತಪ್ಪದೆ ಓದಿ. ನಮ್ಮ ನೆರೆಯಲ್ಲೇ ಟೆಲಿ ಮಾನಸ್ ಇದೆ: 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆ, ತಂತ್ರಜ್ಞಾನದ ನೆರವು ಬೆಂಗಳೂರಿನದೇ ಐಐಐಟಿಯದು. ಕರೆ ಮುಗಿದ ಮೇಲಿನ ಎರಡು ನಿಮಿಷದಲ್ಲಿ ಆಪ್ತಸಮಾಲೋಚಕರ ಪರದೆ ಅವರಿಂದ ಏನೇನು ತುಂಬಿಸಿಕೊಳ್ಳುತ್ತದೆ, ಮುಂದಿನ ಕರೆಗೆ ಮೊದಲು ಒಂದು ಲೋಟ ನೀರು ಕುಡಿಯಲು ಬಿಡುತ್ತದೆಯೇ ಎಂಬುದೂ ಆತ್ಮಹತ್ಯೆ ತಡೆಯ ಸಂಶೋಧನೆಯೇ.

ನಾಲ್ಕನೆಯ ಹೆಜ್ಜೆ: ಕನ್ನಡ ಇದನ್ನು ಹೇಗೆ ಹೇಳುತ್ತದೆ ಎಂದು ಕಿವಿಗೊಡಿ

ಕನ್ನಡದಲ್ಲಿ ಕೆಲಸ ಮಾಡುವವರು ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಇಂಗ್ಲಿಷಿನ ಪದಪಟ್ಟಿಯನ್ನು ಅನುವಾದಿಸಿ ಬರಹಗಳನ್ನು ಹುಡುಕುವವರು ಸಾವು, ಸಾಯು, ಆತ್ಮಹತ್ಯೆ ಎಂಬ ಪದಗಳನ್ನು ಬಲೆಗೆ ಹಾಕುತ್ತಾರೆ. ಬಲೆಗೆ ಬೀಳುವುದು "ನಗ್ತಾ ನಗ್ತಾ ಸತ್ತೇ ಹೋದೆ", "ಈ ಟ್ರಾಫಿಕ್‌ನಲ್ಲಿ ಸಾಯಬೇಕು" ಎಂಬ ದಿನದ ಮಾತುಗಳು. ಆದರೆ ನಮ್ಮ ಮನೆಗಳಲ್ಲಿ ನಿಜಕ್ಕೂ ಎದೆ ನಡುಗಿಸುವ ಮಾತು ಯಾವುದು? "ನಾನು ಏನಾದ್ರೂ ಮಾಡ್ಕೊಂಡ್‌ಬಿಡ್ತೀನಿ." "ಹುಡುಗಿ ಏನಾದ್ರೂ ಹೆಚ್ಚುಕಡಿಮೆ ಮಾಡ್ಕೊಂಡ್ರೆ?" ಈ ವಾಕ್ಯಗಳಲ್ಲಿ ಸಾವಿನ ಹೆಸರೇ ಇಲ್ಲ. ಏನು, ಮಾಡು, ಕೊಳ್ಳು; ಮೂರೂ ಭಾಷೆಯ ಅತಿ ಸಾಮಾನ್ಯ ಪದಗಳು. ಹೇಳುವವರಿಗೂ ಕೇಳುವವರಿಗೂ ಅರ್ಥ ಗೊತ್ತು, ಪದಪಟ್ಟಿಗೆ ಮಾತ್ರ ಗೊತ್ತಿಲ್ಲ.

ಪ್ರದೇಶದಿಂದ ಪ್ರದೇಶಕ್ಕೂ ಮಾತಿನ ತೂಕ ಬದಲಾಗುತ್ತದೆ. ಬೆಂಗಳೂರಿನ ಹುಡುಗ "ಬೇಜಾರು" ಎಂದರೆ ಹೊತ್ತು ಹೋಗುತ್ತಿಲ್ಲ ಎಂದೂ ಇರಬಹುದು. ಮಂಗಳೂರಿನ ಕಡೆಯವರು ಅದನ್ನೇ ಹೇಳಿದರೆ ಮನಸ್ಸಿಗೆ ನೋವಾಗಿದೆ ಎಂದೇ ಅರ್ಥ. ಧಾರವಾಡದ ಕಡೆ "ಜೀವಾ ಬ್ಯಾಸರಾಗೇತಿ" ಎಂಬ ಮಾತಿಗೆ ಇವೆರಡಕ್ಕೂ ಇಲ್ಲದ ಆಳ ಇದೆ. ಗುರುತು ಹಾಕುವ ತಂಡದಲ್ಲಿ ಮೂರೂ ಸೀಮೆಯವರು ಇಲ್ಲದಿದ್ದರೆ, ಅವರೆಲ್ಲ ಒಂದೇ ಉತ್ತರ ಕೊಟ್ಟರೆಂಬ ನಿಮ್ಮ ಹೊಂದಾಣಿಕೆಯ ಅಂಕಕ್ಕೆ ಬೆಲೆಯಿಲ್ಲ.

ಪ್ರಶ್ನಾವಳಿಗಳ ಅನುವಾದದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಬಿಕ್ಕಟ್ಟುಗಳಿವೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ–9ರ ಒಂಬತ್ತನೆಯ ಪ್ರಶ್ನೆ ಸತ್ತಿದ್ದರೆ ಒಳ್ಳೆಯದಿತ್ತೆಂಬ ಯೋಚನೆಯನ್ನೂ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯನ್ನೂ ಒಂದೇ ಉಸಿರಿನಲ್ಲಿ ಕೇಳುತ್ತದೆ. ಹೌದು ಎಂದವರು ಯಾವುದಕ್ಕೆ ಹೌದು ಎಂದರೆಂದು ತಿಳಿಯದು. "ದೇವರು ಬೇಗ ಕರ್ಕೊಂಡ್ರೆ ಸಾಕಪ್ಪ" ಎಂದು ದಿನಕ್ಕೆ ಎರಡು ಸಲ ಹೇಳುವ ಅಜ್ಜಿಯೂ ಅಲ್ಲಿ ಹೌದು ಎನ್ನಬಹುದು. ಆತ್ಮಹತ್ಯೆಯ ಅಪಾಯ ಅಳೆಯುವ ಕೊಲಂಬಿಯಾ ಮಾಪಕದ ಮೊದಲ ಪ್ರಶ್ನೆ ಮಲಗಿದವರು ಮತ್ತೆ ಏಳದಿದ್ದರೆ ಚೆನ್ನಾಗಿತ್ತು ಎನ್ನಿಸಿದೆಯೇ ಎಂದು ವಿಚಾರಿಸುತ್ತದೆ. ಇದನ್ನು ನಮ್ಮ ವಿದ್ಯಾರ್ಥಿಯೊಬ್ಬರು "ಬೆಳಗ್ಗೆ ಏಳೋದೇ ಬೇಡ ಅನ್ನಿಸಿದೆಯಾ?" ಎಂದು ಸರಳ ಕನ್ನಡಕ್ಕೆ ತಂದರು. ಹಾಸ್ಟೆಲಿನಲ್ಲಿ ಹತ್ತು ಜನರಿಗೆ ಕೇಳಿದಾಗ ಹತ್ತೂ ಜನ ನಗುತ್ತ ಹೌದು ಎಂದರು. ಎಂಟು ಗಂಟೆಯ ತರಗತಿಗೆ ಏಳುವ ಮಾತೆಂದು ಅವರು ತಿಳಿದಿದ್ದರು. "ನಿದ್ದೆಯಲ್ಲೇ ಜೀವ ಹೋಗಿದ್ದರೆ ಒಳ್ಳೆಯದಿತ್ತು ಎಂದು ಅನ್ನಿಸಿದೆಯಾ?" ಎಂದು ತಿದ್ದಿದ ಮೇಲೆ ಕೋಣೆ ಮೌನವಾಯಿತು, ಉತ್ತರಗಳು ಬೇರೆಯಾದವು. ಪ್ರಶ್ನೆಯನ್ನು ಕನ್ನಡಕ್ಕೆ ತಂದವರೇ ಅದನ್ನು ಮರಳಿ ಇಂಗ್ಲಿಷಿಗೆ ತಂದು ಸರಿಯಿದೆ ಎಂದು ಸಹಿ ಹಾಕುವ ಪದ್ಧತಿ ಇಂಥ ತಪ್ಪನ್ನು ಹಿಡಿಯುವುದಿಲ್ಲ. ಹತ್ತು ಜನರ ಎದುರು ಕುಳಿತು, ಈ ಪ್ರಶ್ನೆಯಿಂದ ನಿಮಗೆ ಏನರ್ಥವಾಯಿತು ಎಂದು ಒಬ್ಬೊಬ್ಬರನ್ನೂ ಕೇಳಬೇಕು.

ನಿಮ್ಮ ಬರವಣಿಗೆಯ ಕನ್ನಡದ ಬಗ್ಗೆಯೂ ಒಂದು ಮಾತು. "ನೇಣಿಗೆ ಶರಣು" ಎಂಬ ತಲೆಬರಹ ನಮ್ಮ ಪತ್ರಿಕೆಗಳಿಗೆ ಎಷ್ಟು ರೂಢಿಯೆಂದರೆ ಅದರಲ್ಲಿರುವ ಶರಣು ಎಂಬ ಪದ ಕನ್ನಡಿಗರು ಕೈಮುಗಿದು ಹೇಳುವ ಪದ ಎಂಬುದೇ ಮರೆತುಹೋಗಿದೆ. ಸಾವನ್ನು ಆಶ್ರಯವಾಗಿಸುವ ಆ ನುಡಿಗಟ್ಟನ್ನೂ, ಬದುಕುಳಿದವರ ಯತ್ನವನ್ನು "ವಿಫಲ" ಎನ್ನುವ ರೂಢಿಯನ್ನೂ ಪ್ರಬಂಧದಲ್ಲಿ ಬಿಟ್ಟುಬಿಡಿ. ವಿಧಾನದ ವಿವರವಂತೂ ಎಲ್ಲಿಯೂ ಬರಕೂಡದು.

ಐದನೆಯ ಹೆಜ್ಜೆ: ಸಮಿತಿ, ಕಾನೂನು, ಒಪ್ಪಿಗೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ನೀವು ಬೇಗ ಮುಗಿಸಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯನ್ನು ಓದಿ, ನಿಮ್ಮದು ಎಂಜಿನಿಯರಿಂಗ್ ವಿಭಾಗವಾದರೂ ಸಂಸ್ಥೆಯ ನೈತಿಕ ಸಮಿತಿಯ ಮುಂದೆ ಹೋಗಿ. ಅಂಥ ಸಮಿತಿ ನಿಮ್ಮಲ್ಲಿಲ್ಲದಿದ್ದರೆ ವೈದ್ಯಕೀಯ ಸಂಸ್ಥೆಯೊಂದರ ಜೊತೆ ಸೇರಿಕೊಳ್ಳಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೆಯ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಸೆಕ್ಷನ್ ಉಳಿದಿಲ್ಲ. ಆದರೂ ಹಳ್ಳಿಯಲ್ಲಿ ಪೊಲೀಸರ ಭಯ ಹೋಗಿಲ್ಲ, ಆದ್ದರಿಂದ ಒಪ್ಪಿಗೆ ಪತ್ರದಲ್ಲಿ ಇದನ್ನು ಬಿಡಿಸಿ ಹೇಳಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೆಯ ಸೆಕ್ಷನ್ ಮಾನಸಿಕ ಕಾಯಿಲೆ ಇರುವವರನ್ನು ಸಂದರ್ಶಿಸುವ ಸಂಶೋಧನೆಗೂ ಸ್ವತಂತ್ರ, ತಿಳಿವಳಿಕೆಯ ಒಪ್ಪಿಗೆ ಬೇಕೆನ್ನುತ್ತದೆ.

ಪಿಯುಸಿ ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಗಂಟು ಇನ್ನೂ ಬಿಗಿ. ಹದಿನೆಂಟು ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು, ಆದರೆ ಕೆಲವರ ಸಂಕಟದ ಮೂಲ ಮನೆಯಲ್ಲೇ ಇರುತ್ತದೆ. ಮಗುವೊಂದು ಮಾತಿನ ನಡುವೆ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರೆ ಪೋಕ್ಸೊ ಕಾಯ್ದೆಯ ಪ್ರಕಾರ ನೀವು ವರದಿ ಮಾಡಲೇಬೇಕು. "ನೀವು ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ" ಎಂದು ಒಪ್ಪಿಗೆ ಪತ್ರದಲ್ಲಿ ಬರೆದು ಆಮೇಲೆ ಮಾತು ಮುರಿಯುವ ಬದಲು, ಯಾವ ಯಾವ ಸಂದರ್ಭಗಳಲ್ಲಿ ಗುಟ್ಟು ಉಳಿಯುವುದಿಲ್ಲವೆಂದು ಮೊದಲ ಸಾಲಿನಲ್ಲೇ ಹೇಳಿ. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ.

ಆರನೆಯ ಹೆಜ್ಜೆ: ಹಾದುಬಂದವರ ಜೊತೆ ಕುಳಿತು ಪರದೆ ಕಟ್ಟಿ

ಸಾಯಬೇಕೆನ್ನಿಸಿದ ಗಳಿಗೆಯನ್ನು ಹಾದು ಬಂದವರನ್ನು ಕೊನೆಯಲ್ಲಿ ಪರೀಕ್ಷಕರಾಗಿ ಕರೆಯುವುದಲ್ಲ, ಮೊದಲ ರೇಖಾಚಿತ್ರದಿಂದಲೇ ಜೊತೆಗಿಟ್ಟುಕೊಳ್ಳಬೇಕು, ಅವರ ಸಮಯಕ್ಕೆ ಹಣ ಕೊಡಬೇಕು. ನಮಗೆ ಹೊಳೆಯದ ಸಂಗತಿಗಳು ಅವರಿಗೆ ಕೂಡಲೇ ಕಾಣುತ್ತವೆ. ಸಹವಿನ್ಯಾಸದ ಕೂಟವೊಂದರಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬರು ನಮ್ಮ ಸುರಕ್ಷತಾ ಯೋಜನೆಯ ಆ್ಯಪಿನ ಮಾದರಿಯನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಇದು ನನ್ನ ಮಗ ಗೇಮ್ ಆಡ್ತಿರುವಾಗ ಮೇಲೆ ಬರುತ್ತಾ?" ನಮ್ಮ ಆ್ಯಪ್ ಸಂಜೆ ಆರಕ್ಕೆ, ಪರದೆಯ ನೆತ್ತಿಯ ಮೇಲೆ, ದಪ್ಪಕ್ಷರದಲ್ಲಿ "ಇಂದು ನೀವು ಸುರಕ್ಷಿತವಾಗಿದ್ದೀರಾ?" ಎಂದು ಕೇಳುತ್ತಿತ್ತು. ಆ ಹೊತ್ತಿಗೆ ಫೋನು ಮಗನ ಕೈಯಲ್ಲಿರುತ್ತಿತ್ತು, ಪಕ್ಕದಲ್ಲಿ ಅತ್ತೆ ಕುಳಿತಿರುತ್ತಿದ್ದರು. ಅಂದೇ ಆ ಸೂಚನೆಯನ್ನು ತೆಗೆದೆವು, ಆ್ಯಪಿನ ಹೆಸರನ್ನೂ ಚಿತ್ರವನ್ನೂ ಯಾರೂ ತಿರುಗಿ ನೋಡದಂತೆ ಸಾದಾ ಮಾಡಿದೆವು, ಯಾರಾದರೂ ಹತ್ತಿರ ಬಂದಾಗ ದೊಡ್ಡ ಬಟನ್ ಒಂದನ್ನು ಒತ್ತಿದರೆ ಪಂಚಾಂಗದ ಪುಟ ತೆರೆಯುವಂತೆ ಮಾಡಿದೆವು. ಸಹಾಯವಾಣಿಗೆ ಹೋದ ಕರೆ ಫೋನಿನ ಕರೆಪಟ್ಟಿಯಲ್ಲಿ ಉಳಿಯುತ್ತದೆ ಎಂದು ನೆನಪಿಸಿದವರೂ ಅವರೇ.

ಸಂಬೋಧನೆಯೂ ವಿನ್ಯಾಸದ ಭಾಗ. ಯಂತ್ರ "ನೀನು" ಎಂದರೆ ಹಿರಿಯರಿಗೆ ಒರಟು, "ನೀವು" ಎಂದರೆ ಹದಿಹರೆಯದವರಿಗೆ ಕಚೇರಿಯ ಪತ್ರ. ಸರ್ವನಾಮವನ್ನೇ ಬಿಟ್ಟು "ಈಗ ಹೇಗನ್ನಿಸ್ತಿದೆ?" ಎಂದರೆ ಕನ್ನಡ ಎರಡನ್ನೂ ತಪ್ಪಿಸಿಕೊಳ್ಳುತ್ತದೆ, ಭಾಷೆ ಕೊಟ್ಟಿರುವ ಈ ಸೌಲಭ್ಯವನ್ನು ಬಳಸಿಕೊಳ್ಳಿ. ಸುರಕ್ಷತಾ ಯೋಜನೆಯ ಪುಟ ಇಂಟರ್ನೆಟ್ ಇಲ್ಲದೆಯೂ ತೆರೆಯಬೇಕು, ಕರೆಯ ಬಟನ್ ಮೊದಲ ಪರದೆಯಲ್ಲೇ ಇರಬೇಕು.

ಚಾಟ್‌ಬಾಟ್ ಕಟ್ಟುವ ಆಸೆ ಈಗ ಎಲ್ಲರಿಗೂ ಇದೆ. ಚಾಟ್‌ಜಿಪಿಟಿ ಬಳಸುವವರಲ್ಲಿ ವಾರವೊಂದರಲ್ಲಿ ಶೇ 0.15ರಷ್ಟು ಜನರ ಸಂಭಾಷಣೆಯಲ್ಲಿ ಆತ್ಮಹತ್ಯೆಯ ಯೋಜನೆ ಅಥವಾ ಉದ್ದೇಶದ ಸ್ಪಷ್ಟ ಸೂಚನೆಗಳಿವೆ ಎಂದು ಓಪನ್‌ಎಐ ಸಂಸ್ಥೆಯೇ 2025ರ ಅಕ್ಟೋಬರ್‌ನಲ್ಲಿ ಅಂದಾಜಿಸಿತು. ಬಳಕೆದಾರರು ಹತ್ತಾರು ಕೋಟಿ ಇರುವಾಗ ಆ ಚಿಕ್ಕ ಭಾಗವೂ ಲಕ್ಷಗಳ ಲೆಕ್ಕ. ಅಂದರೆ ಜನ ಯಂತ್ರಕ್ಕೆ ಹೇಳಿಕೊಳ್ಳುವುದು ಈಗಾಗಲೇ ನಡೆದಿದೆ. ಹೊಸ ಬಾಟ್ ಕಟ್ಟುವುದಕ್ಕಿಂತ, ಕನ್ನಡದಲ್ಲಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ, "ಏನಾದ್ರೂ ಮಾಡ್ಕೊಳ್ತೀನಿ" ಎಂದಾಗ ಇರುವ ಬಾಟ್‌ಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಕ್ರಮಬದ್ಧವಾಗಿ ಪರೀಕ್ಷಿಸುವ ಅಧ್ಯಯನ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಸಂಕಟದಲ್ಲಿರುವ ಒಬ್ಬರನ್ನೂ ಒಳಗೆಳೆಯಬೇಕಾಗಿಲ್ಲ.

ಏಳನೆಯ ಹೆಜ್ಜೆ: ದತ್ತಾಂಶವನ್ನೂ ಅದನ್ನು ಓದುವವರನ್ನೂ ಕಾಪಾಡಿ

ಸಾರ್ವಜನಿಕವಾಗಿ ಬರೆದದ್ದು ಎಂಬ ಕಾರಣಕ್ಕೆ ಒಬ್ಬರ ಸಾಲುಗಳನ್ನು ಹಾಗೆಯೇ ಪ್ರಬಂಧದಲ್ಲಿ ಉದ್ಧರಿಸಬೇಡಿ. ಹೆಸರು ತೆಗೆದರೂ ಆ ಸಾಲನ್ನು ಹುಡುಕುಯಂತ್ರಕ್ಕೆ ಹಾಕಿದರೆ ಬರೆದವರ ಮನೆಬಾಗಿಲು ಸಿಗುತ್ತದೆ. ಕನ್ನಡದಂತೆ ಬರಹ ಕಡಿಮೆಯಿರುವ ಭಾಷೆಯಲ್ಲಿ ಇನ್ನೂ ಬೇಗ. ಅರ್ಥ ಉಳಿಸಿಕೊಂಡು ಮಾತು ಬದಲಿಸಿ, ಬದಲಿಸಿದ್ದನ್ನು ನೀವೇ ಹುಡುಕಿ ನೋಡಿ, ಏನೂ ಸಿಗದಿದ್ದರೆ ಮಾತ್ರ ಅಚ್ಚಿಗೆ ಕೊಡಿ.

ಗುರುತು ಹಾಕುವ ಕೆಲಸಕ್ಕೆ ಇಪ್ಪತ್ತರ ಹರೆಯದ ವಿದ್ಯಾರ್ಥಿಗಳನ್ನು ಕೂರಿಸಿ ದಿನಕ್ಕೆ ಐನೂರು ಬರಹ ಓದಿಸುವವರನ್ನು ನೋಡಿದ್ದೇನೆ. ನಮ್ಮ ಪ್ರಯೋಗಾಲಯದ ನಿಯಮಗಳು ಸರಳ: ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚಿಲ್ಲ, ಸಂಜೆ ಆರರ ಮೇಲೆ ಇಲ್ಲ, ಮನೆಗೆ ಒಯ್ಯುವಂತಿಲ್ಲ, ಇಬ್ಬರು ಜೊತೆಯಾಗಿ ಮಾತ್ರ, ವಾರಕ್ಕೊಮ್ಮೆ ಆಪ್ತಸಮಾಲೋಚಕರ ಜೊತೆ ಕೂಟ, ಯಾರು ಯಾವಾಗ ಬೇಕಾದರೂ ಕಾರಣ ಹೇಳದೆ ಬಿಡಬಹುದು. ಬಿಟ್ಟವರ ಹೆಸರು ಪ್ರಬಂಧದ ಲೇಖಕರ ಸಾಲಿನಲ್ಲಿ ಉಳಿಯುತ್ತದೆ. ತಮ್ಮ ಮನೆಯಲ್ಲಿ ಇಂಥ ಸಾವು ಕಂಡವರೇ ಈ ವಿಷಯಕ್ಕೆ ಹೆಚ್ಚಾಗಿ ಬರುತ್ತಾರೆ. ಅದನ್ನು ಕೆದಕಿ ಕೇಳಬೇಡಿ, ಅವರು ಹೇಳಿದರೆ ಕೇಳಿಸಿಕೊಳ್ಳಲು ಸಮಯವಿಟ್ಟುಕೊಳ್ಳಿ.

ಕೊನೆಯ ಹೆಜ್ಜೆ: ಅಳತೆ ಮತ್ತು ಮುಚ್ಚುವ ದಿನ

ಅರವತ್ತು ಜನರ ಆರು ವಾರದ ಅಧ್ಯಯನದಿಂದ ಆತ್ಮಹತ್ಯೆ ಕಡಿಮೆಯಾಯಿತೆಂದು ಹೇಳಲು ಬರುವುದಿಲ್ಲ, ಹೇಳಲೂಬಾರದು. ಸುರಕ್ಷತಾ ಯೋಜನೆಯನ್ನು ಎಷ್ಟು ಜನ ಪೂರ್ತಿ ತುಂಬಿದರು, ಕಷ್ಟದ ಹೊತ್ತಿನಲ್ಲಿ ತೆರೆದು ನೋಡಿದರೇ, ಅದರಲ್ಲಿದ್ದ ಯಾರಿಗೆ ಕರೆ ಮಾಡಿದರು, ಆ ಕರೆಯನ್ನು ಯಾರಾದರೂ ಎತ್ತಿದರೇ ಎಂಬುದನ್ನು ಅಳೆಯಿರಿ. ಆ್ಯಪನ್ನು ಬಳಸುವುದು ಬಿಟ್ಟವರನ್ನು ಸೋಲಿನ ಲೆಕ್ಕಕ್ಕೆ ಹಾಕುವ ಮೊದಲು ಏಕೆ ಬಿಟ್ಟರೆಂದು ಕೇಳಿ. ನಮ್ಮಲ್ಲಿ ಒಬ್ಬರು, ಅದರಲ್ಲಿದ್ದ ಅಕ್ಕನ ಸಂಖ್ಯೆಗೆ ಈಗ ದಿನಾ ಸಂಜೆ ತಾವೇ ಕರೆ ಮಾಡುವುದರಿಂದ ಆ್ಯಪ್ ಬೇಕಾಗಿಲ್ಲ ಎಂದರು.

ಅನುದಾನ ಮುಗಿಯುವ ದಿನವನ್ನು ಅಧ್ಯಯನ ಶುರುವಾಗುವ ದಿನವೇ ಪಾಲ್ಗೊಂಡವರಿಗೆ ತಿಳಿಸಿ, ಮುಗಿಯುವುದಕ್ಕೆ ಒಂದು ತಿಂಗಳು ಮೊದಲು ಮತ್ತೊಮ್ಮೆ ತಿಳಿಸಿ. ಸರ್ವರ್ ನಿಲ್ಲಿಸುವ ಮುನ್ನ ಪ್ರತಿಯೊಬ್ಬರ ಸುರಕ್ಷತಾ ಯೋಜನೆಯೂ ಅವರ ಫೋನಿನಲ್ಲಿ ಚಿತ್ರವಾಗಿ ಉಳಿದಿದೆಯೇ ಎಂದು ನೋಡಿ; ಬೇಕೆಂದವರಿಗೆ ಅಚ್ಚು ಹಾಕಿ ಮಡಚಿ ಲಕೋಟೆಯಲ್ಲಿ ಕೊಡಿ. ಆ್ಯಪಿನೊಳಗೆ ನಿಮ್ಮ ತಂ‌ಡದ ಸಂಖ್ಯೆ ಇದ್ದಲ್ಲೆಲ್ಲ 14416 ಎಂದು ಬದಲಾಯಿಸಿ, ಬದಲಾದ ಪ್ರತಿ ಎಲ್ಲರ ಫೋನಿಗೂ ತಲುಪಿದ ಮೇಲೆಯೂ ನಿಮ್ಮ ಹಳೆಯ ಸಂಖ್ಯೆಯನ್ನು ಆರು ತಿಂಗಳು ಚಾಲೂ ಇಡಿ. ನಮ್ಮದಕ್ಕೆ ಐದನೆಯ ತಿಂಗಳಲ್ಲಿ ಎರಡು ಕರೆಗಳು ಬಂದವು.